ಚಿಕ್ಕಮ್ಮನ ಲವ್ ಸ್ಟೋರಿ ಪ್ರಕಾಶಕರ ಮೇಜಿಗೆ ಹೋಗೋ ಮುಂಚೆ

 

ಈ ಸಲ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಇನ್‌ಬಾಕ್ಸ್‌ಗೆ ಆಗಾಗ ಬರೋ ಪ್ರಶ್ನೆ. "ಒಂದು ಪ್ರೇಮ ಕಾದಂಬರಿ ಬರೆದಿಟ್ಟಿದ್ದೀನಿ. ಪ್ರಕಾಶಕರಿಗೆ ಕಳಿಸೋದು ಹೇಗೆ?" ಒಂದೂವರೆ ವರ್ಷದ ಹಿಂದೆ ಕೇಳಿದ್ದಿದ್ರೆ, "ಟೈಪ್ ಮಾಡಿ, ಮೇಲ್ ಮಾಡಿ" ಅಂತಿದ್ದೆ. ಈಗ ಹಾಗೆ ಹೇಳಲ್ಲ. ಯಾಕಂದ್ರೆ ಈ ಒಂದೂವರೆ ವರ್ಷ ನಾನು ನಮ್ಮ ಚಿಕ್ಕಮ್ಮನ ಕಾದಂಬರಿ ಹಿಡ್ಕೊಂಡು ಅದೇ ಕೆಲಸ ಮಾಡಿದೀನಿ, ಮತ್ತೆ ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿದೀನಿ.

ಚಿಕ್ಕಮ್ಮ ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಮೂರು ಲಾಂಗ್ ನೋಟ್‌ಬುಕ್ ತುಂಬ ಒಂದು ಕಾದಂಬರಿ ಬರೆದು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ಲು. ಮನೆಯಲ್ಲಿ "ಇವಳು ಲವ್ ಸ್ಟೋರಿ ಬರೀತಾಳಂತೆ" ಅಂತ ನಗ್ತಾ ಇದ್ದದ್ದು ನನಗೆ ಚಿಕ್ಕಂದಿನಿಂದ ನೆನಪಿದೆ. ಅವಳ ಹೆಸರು, ಕಾದಂಬರಿಯ ಹೆಸರು ಎರಡನ್ನೂ ಇಲ್ಲಿ ಹೇಳಲ್ಲ. ಅದು ಅವಳ ಷರತ್ತು. ಕಥೆಯ ಕೊನೆಯನ್ನೂ ಹೇಳಬಾರದು ಅಂದಿದ್ದಾಳೆ. ಅದೇ ಕೊನೆ ಬಗ್ಗೆ ಆಮೇಲೆ ಒಂದು ಜಗಳ ಇದೆ, ಬರುತ್ತೆ.

ಮೊದಲು ಒಂದು ಮಾತು. ಪ್ರೇಮ ಕಾದಂಬರಿ ಅಂದ್ರೆ ಎರಡನೇ ದರ್ಜೆ ಅನ್ನೋ ಸಂಕೋಚ ಬಿಟ್ಟುಬಿಡಿ. ತ್ರಿವೇಣಿಯವರ ಬೆಳ್ಳಿಮೋಡ, ಶರಪಂಜರ ಎರಡೂ ಪುಟ್ಟಣ್ಣ ಕಣಗಾಲರ ಕೈಯಲ್ಲಿ 1967 ಮತ್ತು 1971ರಲ್ಲಿ ಸಿನಿಮಾ ಆದವು. ಎಂ.ಕೆ. ಇಂದಿರಾ ಅವರ ಗೆಜ್ಜೆಪೂಜೆ ಕೂಡ ಹಾಗೇ. ಸಾಯಿಸುತೆ ಅವರ ಪುಸ್ತಕಗಳನ್ನ ನಮ್ಮ ಅಮ್ಮಂದಿರು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ಕೊಂಡು ಓದ್ತಿದ್ರು. ವಾರಪತ್ರಿಕೆಗಳ ಧಾರಾವಾಹಿ ಪುಟ ನಿಂತಿದ್ದೇ ಈ ಥರದ ಕಥೆಗಳ ಮೇಲೆ. ಆದರೆ ಕನ್ನಡದಲ್ಲಿ ಈ ಪುಸ್ತಕಗಳ ಮುಖಪುಟದಲ್ಲಿ "ರೊಮ್ಯಾನ್ಸ್" ಅಂತ ಇರ್ತಿರಲಿಲ್ಲ, "ಸಾಮಾಜಿಕ ಕಾದಂಬರಿ" ಅಂತಿರ್ತಿತ್ತು. ಹಾಗಾಗಿ ಪ್ರಕಾಶಕರ ಜೊತೆ ಮಾತಾಡೋವಾಗ ಯಾವ ಪದ ಬಳಸ್ತೀರಿ ಅನ್ನೋದು ಸಣ್ಣ ವಿಷಯ ಅಲ್ಲ. "ಪ್ರೇಮಕಥೆ ಇರುವ ಸಾಮಾಜಿಕ ಕಾದಂಬರಿ" ಅಂದ್ರೆ ಹಿರಿಯ ಪ್ರಕಾಶಕರಿಗೆ ತಕ್ಷಣ ಶೆಲ್ಫ್ ಕಣ್ಣಿಗೆ ಬರುತ್ತೆ. ಹೊಸ ಹುಡುಗರು ನಡೆಸೋ ಪ್ರಕಾಶನ ಆದ್ರೆ "ರೊಮ್ಯಾನ್ಸ್" ಅಂದ್ರೂ ನಡೆಯುತ್ತೆ.

ಈಗ ತಪ್ಪು ನಂಬರ್ ಒಂದು. ಇದು ನಮಗೆ ಮೂರು ತಿಂಗಳು ತಿಂತು.

ಚಿಕ್ಕಮ್ಮ ನೋಟ್‌ಬುಕ್‌ಗಳನ್ನ ಊರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೊಟ್ಟು ಟೈಪ್ ಮಾಡಿಸಿದ್ಲು. ಅವರು ಪೆನ್‌ಡ್ರೈವ್‌ಗೆ ಹಾಕಿ ಕೊಟ್ರು. ನಾನು ತೆಗೆದು ನೋಡದೇ ನೇರ ಒಬ್ಬ ಪ್ರಕಾಶಕರಿಗೆ ಮೇಲ್ ಮಾಡಿದೆ. ಉತ್ತರ ಇಲ್ಲ. ಒಂದು ತಿಂಗಳು, ಎರಡು ತಿಂಗಳು. ಚಿಕ್ಕಮ್ಮ ಪ್ರತಿ ಭಾನುವಾರ ಫೋನ್ ಮಾಡಿ, "ಏನಂದ್ರು ಕಣೇ?" ಅನ್ನೋಳು. ಮೂರನೇ ತಿಂಗಳು ಏನೋ ಹುಡುಕೋಕೆ ಅಂತ ಆ ಫೈಲನ್ನ ನನ್ನ ಮೊಬೈಲಲ್ಲಿ ತೆಗೆದೆ. ಒಂದಕ್ಷರ ಕನ್ನಡ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಎಳೆದ ಎ, ನಡುನಡುವೆ ಪೌಂಡ್ ಚಿಹ್ನೆ. ಇನ್ನೂರು ಪುಟ ಪೂರ್ತಿ ಹಾಗೇ.

ಏನಾಗಿತ್ತು ಅಂದ್ರೆ, ಅಂಗಡಿಯವರು ಟೈಪ್ ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ. ಆ ಥರದ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅವುಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ ಹಾಗೆ. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಕನ್ನಡ ಕಾಣುತ್ತೆ, ಇಲ್ಲದಿದ್ರೆ ಈ ಗೊಂದಲ. ಯೂನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡದ "ಕ" ಅಂದ್ರೆ ಕನ್ನಡದ "ಕ"ನೇ, ಯಾವ ಮೊಬೈಲಲ್ಲಿ ತೆಗೆದರೂ ಅದೇ. ನೀವು ವಾಟ್ಸಾಪಲ್ಲಿ ಟೈಪ್ ಮಾಡೋದು ಯೂನಿಕೋಡ್. ಡಿಟಿಪಿ ಅಂಗಡಿಗಳಲ್ಲಿ, ಎಷ್ಟೋ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇನ್ನೂ ಹಳೇದೇ ನಡೀತಿರೋದು, ಯಾಕಂದ್ರೆ ಅವರು ಪುಟ ಕಟ್ಟೋದು ಪೇಜ್‌ಮೇಕರಲ್ಲಿ, ಆ ಹಳೆಯ ಪೇಜ್‌ಮೇಕರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲ್ಲ.

ಹಾಗಾದ್ರೆ ಏನು ಕಳಿಸಬೇಕು? ನಾನು ಈಗ ಮಾಡೋದು ಇಷ್ಟು: ಯೂನಿಕೋಡ್‌ನಲ್ಲಿರೋ ವರ್ಡ್ ಫೈಲ್ ಒಂದು, ಅದರದ್ದೇ ಪಿಡಿಎಫ್ ಒಂದು. ಪಿಡಿಎಫ್ ಯಾಕಂದ್ರೆ ಅವರ ಕಡೆ ಏನೇ ಎಡವಟ್ಟಾದರೂ ಓದೋಕಂತೂ ಬರುತ್ತೆ. ಕಳಿಸೋ ಮುಂಚೆ ಇನ್ನೊಬ್ಬರ ಫೋನಿಗೆ ಹಾಕಿ ತೆಗೆದು ನೋಡಿ. ಎರಡು ನಿಮಿಷದ ಕೆಲಸ ಅಷ್ಟೇ. ನಾನು ಆ ಎರಡು ನಿಮಿಷ ಉಳಿಸೋಕೆ ಹೋಗಿ ಮೂರು ತಿಂಗಳು ಕಳ್ಕೊಂಡೆ. ಅದಕ್ಕಿಂತ ಕೆಟ್ಟದ್ದು, ಅಷ್ಟು ದಿನ ಚಿಕ್ಕಮ್ಮ ತನ್ನ ಕಥೆಯೇ ಚೆನ್ನಾಗಿಲ್ಲ ಅಂದ್ಕೊಂಡಿದ್ಲು.

ಕನ್ವರ್ಟ್ ಮಾಡಿದ್ರೆ ಮುಗೀತಾ ಅಂದ್ರೆ, ಇಲ್ಲ. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ತಂದಾಗ ಕೆಲವು ಒತ್ತಕ್ಷರ ಎಗರುತ್ತೆ. ಹಾಗಾಗಿ ಪೂರ್ತಿ ಒಂದು ಸಲ ಓದಲೇಬೇಕು. ಹೊಸದಾಗಿ ಮೊಬೈಲಲ್ಲೇ ಟೈಪ್ ಮಾಡೋರಿಗೆ ಬೇರೆ ಕಷ್ಟಗಳಿವೆ. ಕಾದಂಬರಿಯ ನಾಯಕನ ಹೆಸರು ಶ್ರೀಧರ್ ಅಂತಿಟ್ಕೊಳ್ಳಿ (ಚಿಕ್ಕಮ್ಮನ ನಾಯಕನ ಹೆಸರು ನಿಜವಾಗ್ಲೂ ಅದೇ, ಇಷ್ಟು ಹೇಳೋಕೆ ಒಪ್ಪಿಗೆ ಸಿಕ್ಕಿದೆ). "ಶ್ರೀಧರ್‌ಗೆ" ಅಂತ ಬರೀಬೇಕು. ನಡುವೆ ಅಕ್ಷರಗಳನ್ನ ಬೇರೆ ಮಾಡೋ ಒಂದು ಕಾಣದ ಕೀ ಒತ್ತದಿದ್ರೆ ಅದು "ಶ್ರೀಧರ್ಗೆ" ಆಗಿ ಅರ್ಕಾವತ್ತು ಕೂತ್ಕೊಳ್ಳುತ್ತೆ. ಇಂಥದ್ದು ನಾನ್ನೂರು ಕಡೆ ಇದ್ರೆ ಓದೋರಿಗೆ ಕಲ್ಲು ಸಿಕ್ಕ ಅನ್ನ ತಿಂದ ಹಾಗೆ. ಪೂರ್ತಿ ಕೈಯಲ್ಲೇ ಸರಿ ಮಾಡ್ಬೇಕಿಲ್ಲ, ವರ್ಡ್‌ನಲ್ಲಿ ಹುಡುಕಿ ಬದಲಾಯಿಸೋ ಸೌಲಭ್ಯ ಇದೆ. ಇನ್ನೊಂದು, ಕನ್ನಡದ ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನ ಟೈಪ್ ಮಾಡೋ ಅಭ್ಯಾಸ ತುಂಬ ಜನಕ್ಕಿದೆ. ಕಣ್ಣಿಗೆ ಒಂದೇ ಥರ. ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದ್ರೆ ಸಿಗಲ್ಲ, ಇನ್ನೊಂದು ಫಾಂಟ್‌ಗೆ ಹೋದಾಗ ಗಾತ್ರ ಬದಲಾಗಿ ಎದ್ದು ಕಾಣುತ್ತೆ.

ವಾಯ್ಸ್ ಟೈಪಿಂಗ್ ಮಾಡಬಹುದಾ ಅಂತ ಕೇಳ್ತೀರಿ. ನಾವು ಮೂರನೇ ನೋಟ್‌ಬುಕ್‌ಗೆ ಅದನ್ನೇ ಮಾಡಿದ್ವಿ. ಚಿಕ್ಕಮ್ಮ ಜಗಲಿ ಮೇಲೆ ಕೂತು ಓದೋಳು, ಫೋನ್ ಬರ್ಕೊಳ್ಳೋದು. ವೇಗವಾಗಿ ಆಗುತ್ತೆ. ಆದರೆ ಪೂರ್ಣವಿರಾಮ, ಉದ್ಧರಣ ಚಿಹ್ನೆ ಯಾವುದೂ ಸರಿಯಾಗಿ ಬರಲ್ಲ, ಮತ್ತೆ "ಅಟ್ಟ" ಅಂದ್ರೆ "ಹಟ್ಟ" ಅಂತ ಬರ್ಕೊಳ್ಳುತ್ತೆ. ಆದ್ರೂ ಒಂದು ದೊಡ್ಡ ಲಾಭ ಆಯ್ತು. ಜೋರಾಗಿ ಓದುವಾಗ ಚಿಕ್ಕಮ್ಮನಿಗೇ ತನ್ನ ಕಥೆಯ ತಪ್ಪುಗಳು ಕೇಳಿಸಿದವು.

ಈಗ ಆ ಕಥೆಯ ವಿಷಯಕ್ಕೆ ಬರೋಣ. ನಾನು ಬಿಕಾಂ. ಸಾಹಿತ್ಯ ವಿಮರ್ಶೆ ನನಗೆ ಬರಲ್ಲ, ಲೆಡ್ಜರ್ ಹಾಕೋಕೆ ಬರುತ್ತೆ. ಹಾಗಾಗಿ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದೆ. ಅಧ್ಯಾಯ, ಯಾವ ತಿಂಗಳು, ಯಾರ್ಯಾರು ಇದ್ದಾರೆ, ಯಾರಿಗೆ ಏನು ಗೊತ್ತಾಯ್ತು. ನಾಲ್ಕೇ ಕಾಲಂ. ಅದರಲ್ಲಿ ಸಿಕ್ಕಿದ್ದು ಕೇಳಿ. ಒಂದೇ ವರ್ಷದಲ್ಲಿ ಯುಗಾದಿ ಎರಡು ಸಲ ಬಂದಿದೆ. ನಾಯಕಿಯ ಗೆಳತಿಯ ಮದುವೆ ಆಷಾಢದಲ್ಲಿ ನಡೆದಿದೆ! ಹಳ್ಳಿಯಲ್ಲಿ ನಡೆಯೋ ಕಥೆ, ಆಷಾಢದಲ್ಲಿ ಮದುವೆ. ಓದೋ ಯಾವ ಹೆಂಗಸು ಬಿಡ್ತಾಳೆ? ಇನ್ನೊಂದು ನನಗೇ ಗೊತ್ತಾಗಿರಲಿಲ್ಲ, ಚಿಕ್ಕಪ್ಪ ಹೇಳಿದ್ದು. ಕಥೆ ನಡೆಯೋದು ಕೊಬ್ಬರಿ ಮಂಡಿಯ ಸುತ್ತ. ಐದನೇ ಅಧ್ಯಾಯದಲ್ಲಿ ನಾಯಕಿ ಅಟ್ಟಕ್ಕೆ ಕಾಯಿ ಹಾಕ್ತಾಳೆ, ಎರಡು ತಿಂಗಳಿಗೆ ಏಳನೇ ಅಧ್ಯಾಯದಲ್ಲಿ ಕೊಬ್ಬರಿ ಮಂಡಿಗೆ ಹೋಗುತ್ತೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಕೂರಬೇಕು. "ನಿನ್ನ ನಾಯಕಿ ಮಿಕ್ಸಿಗೆ ಹಾಕಿ ಒಣಗಿಸಿದ್ಲೇನೇ?" ಅಂತ ಚಿಕ್ಕಪ್ಪ ನಕ್ಕ. ಚಿಕ್ಕಮ್ಮ ನಗಲಿಲ್ಲ, ಎರಡು ದಿನ ಮಾತಾಡಲೂ ಇಲ್ಲ. ಆಮೇಲೆ ಆ ಎರಡು ತಿಂಗಳನ್ನ ಒಂದು ವರ್ಷ ಮಾಡಿದ್ಲು. ನನ್ನ ಪ್ರಕಾರ ಕಾದಂಬರಿ ಚೆನ್ನಾಗಿ ಆಗಿದ್ದೇ ಅಲ್ಲಿ. ಕಾಯಿ ಒಣಗೋ ತನಕ ಇಬ್ಬರೂ ಕಾಯಬೇಕಾಯ್ತು, ನಡುವೆ ಒಂದು ಮಳೆಗಾಲ ಬಂತು, ಮಂಡಿಗೆ ಹೋಗೋಕೆ ನಾಯಕಿಗೆ ನೆಪವೇ ಇಲ್ಲ.

ಪ್ರೇಮ ಕಾದಂಬರಿಯಲ್ಲಿ ಪ್ರಕಾಶಕರು ಮೊದಲು ನೋಡೋದು ಇದನ್ನೇ ಅಂತ ನನಗನ್ನಿಸುತ್ತೆ. ಇವರಿಬ್ಬರೂ ಯಾಕೆ ಒಂದಾಗ್ತಿಲ್ಲ? ಕಾರಣ ಗಟ್ಟಿ ಇದ್ಯಾ? ಒಂದು ಫೋನ್ ಮಾಡಿ "ಹಾಗಲ್ಲಪ್ಪ, ಹೀಗೆ" ಅಂದ್ರೆ ಬಗೆಹರಿಯೋ ತಪ್ಪು ತಿಳಿವಳಿಕೆ ಮೇಲೆ ನೂರು ಪುಟ ಎಳೆದಿದ್ರೆ, ಮೊಬೈಲ್ ಕೈಯಲ್ಲಿರೋ ಓದುಗ ಸಿಟ್ಟಾಗ್ತಾನೆ. ಧಾರಾವಾಹಿ ಅಥವಾ ಆ್ಯಪ್‌ನಲ್ಲಿ ಕಂತು ಕಂತಾಗಿ ಬರೆದವರಿಗೆ ಇನ್ನೊಂದು ಕೆಲಸ ಇದೆ. ಪ್ರತಿ ಕಂತಿನ ಮೊದಲಲ್ಲಿ ಹಿಂದಿನ ಕಂತನ್ನ ನೆನಪಿಸೋ ಸಾಲುಗಳಿರುತ್ತೆ, ಕೊನೆಯಲ್ಲಿ ಬಾಗಿಲು ಬಡಿಯೋ ಸದ್ದು ಇರುತ್ತೆ. ಪುಸ್ತಕ ಮಾಡುವಾಗ ಅವನ್ನೆಲ್ಲ ಕಿತ್ತು ಹಾಕಿ. ಮೂವತ್ತು ಸಲ ಬಾಗಿಲು ಬಡಿದ್ರೆ ಯಾರೂ ತೆಗೆಯಲ್ಲ. ಹಾಗೆ ಆನ್‌ಲೈನಲ್ಲಿ ಮೊದಲೇ ಹಾಕಿದ್ರೆ ಅದನ್ನ ಪ್ರಕಾಶಕರಿಗೆ ಮುಚ್ಚಿಡಬೇಡಿ, ಮತ್ತೆ ಆ ವೇದಿಕೆಯ ಸ್ಪರ್ಧೆಗೆ ಸೇರುವಾಗ ಯಾವ ಹಕ್ಕಿಗೆ "ಒಪ್ಪಿದೆ" ಒತ್ತಿದ್ರಿ ಅಂತ ಒಂದು ಸಲ ಓದಿ ನೋಡಿ.

ಭಾಷೆ ಬಗ್ಗೆ ಸ್ವಲ್ಪ. ಸಂಭಾಷಣೆ ತಿಪಟೂರು ಸೀಮೆಯದ್ದು, ನಿರೂಪಣೆ ಗ್ರಾಂಥಿಕ. ನಾನು ಅದನ್ನ ಮುಟ್ಟಲಿಲ್ಲ. ಒಂದೇ ಪಾತ್ರ ಒಂದು ಪುಟದಲ್ಲಿ "ಬಂದೀನಿ" ಅಂದು ಇನ್ನೊಂದು ಪುಟದಲ್ಲಿ "ಬಂದಿದ್ದೇನೆ" ಅಂತಿದ್ರೆ ಮಾತ್ರ ಒಂದೇ ಥರ ಮಾಡಿದ್ವಿ.

ಎಷ್ಟು ಉದ್ದ ಇರಬೇಕು? ನನ್ನ ಶೆಲ್ಫಿನ ನಾಲ್ಕೈದು ಕಾದಂಬರಿ ತೆಗೆದು ಎಣಿಸಿ ನೋಡಿದೆ. ಡೆಮಿ 1/8 ಅಳತೆ ಅಂತಾರಲ್ಲ, ಮಾಮೂಲಿ ಕನ್ನಡ ಪುಸ್ತಕದ ಗಾತ್ರ, ಅದರ ಒಂದು ಪುಟದಲ್ಲಿ ಸುಮಾರು 28ರಿಂದ 30 ಸಾಲು, ಸಾಲಿಗೆ ಏಳೆಂಟು ಪದ. ಅಂದ್ರೆ ಪುಟಕ್ಕೆ ಇನ್ನೂರು ಚಿಲ್ಲರೆ. ನಿಮ್ಮ ಹಸ್ತಪ್ರತಿ 40,000 ಪದ ಇದ್ರೆ ಪುಸ್ತಕ ಸುಮಾರು 180 ಪುಟದ ಹತ್ತಿರ ಬರುತ್ತೆ. ಇಂಗ್ಲಿಷ್ ವಿಡಿಯೋ ನೋಡಿ "ರೊಮ್ಯಾನ್ಸ್ ಅಂದ್ರೆ ಎಂಬತ್ತು ಸಾವಿರ ಪದ" ಅಂತ ಎಳೀಬೇಡಿ. ಇಂಗ್ಲಿಷಲ್ಲಿ ನಾಲ್ಕೈದು ಪದ ತಗೊಳ್ಳೋದನ್ನ ಕನ್ನಡದ "ಹೋಗಬೇಕಾಗಿತ್ತು" ಒಂದೇ ಪದದಲ್ಲಿ ಮುಗಿಸುತ್ತೆ. ಪ್ರೆಸ್ಸಿನವರ ಲೆಕ್ಕ ಇನ್ನೊಂದಿದೆ, ಫಾರಂ. ಒಂದು ಫಾರಂ ಅಂದ್ರೆ 16 ಪುಟ. 176 ಪುಟ ಅಂದ್ರೆ ಹನ್ನೊಂದು ಫಾರಂ, 192 ಅಂದ್ರೆ ಹನ್ನೆರಡು. ನಿಮ್ಮ ಪುಸ್ತಕ 179 ಪುಟಕ್ಕೆ ನಿಂತ್ರೆ ಪ್ರಕಾಶಕರು "ಮೂರು ಪುಟ ಕಡಿಮೆ ಮಾಡಿ" ಅಂತಾರೆ. ಕಲೆಯ ಮೇಲೆ ದಾಳಿ ಅಂದ್ಕೋಬೇಡಿ, ಅದು ಕಾಗದದ ಲೆಕ್ಕ.

ಈಗ ಸಾರಾಂಶ. ಹಸ್ತಪ್ರತಿ ಪೂರ್ತಿ ಕಳಿಸೋ ಮುಂಚೆ ಒಂದು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ, ನಿಮ್ಮ ಬಗ್ಗೆ ಐದಾರು ಸಾಲು, ಇಷ್ಟು ಕಳಿಸಿ "ಪೂರ್ತಿ ಕಳಿಸಲೇ?" ಅಂತ ಕೇಳೋದು ಒಳ್ಳೇದು. ಕನ್ನಡದಲ್ಲಿ ಇದೇನು ಕಟ್ಟುನಿಟ್ಟಿನ ನಿಯಮ ಅಲ್ಲ. ಕೆಲವರು "ಪೂರ್ತಿ ಕಳ್ಸಿ, ನೋಡೋಣ" ಅಂತಾರೆ, ಕೆಲವರು ಪ್ರಿಂಟ್ ಕೇಳ್ತಾರೆ. ಆದರೆ ಸಾರಾಂಶ ಇದ್ರೆ ಓದಬೇಕಾ ಬೇಡವಾ ಅಂತ ಅವರಿಗೆ ಬೇಗ ಗೊತ್ತಾಗುತ್ತೆ.

ಚಿಕ್ಕಮ್ಮ ಬರೆದ ಮೊದಲ ಸಾರಾಂಶ ಹೀಗಿತ್ತು: "ಇದು ಪ್ರೀತಿ, ತ್ಯಾಗ ಮತ್ತು ಬದುಕಿನ ಏರಿಳಿತಗಳ ಮನಮಿಡಿಯುವ ಕಥೆ. ಕೊನೆಗೆ ಏನಾಗುತ್ತದೆ ಎಂಬುದನ್ನು ಓದಿಯೇ ತಿಳಿಯಬೇಕು." ಇದರಲ್ಲಿ ಕಥೆ ಎಲ್ಲಿದೆ? ಇದು ಯಾವ ಕಾದಂಬರಿಗೆ ಬೇಕಾದ್ರೂ ಹೊಂದುತ್ತೆ. ಎರಡು ವಾರ ಕೂತು ಹೀಗೆ ಮಾಡಿದ್ವಿ: "ಅಪ್ಪ ತೀರಿಹೋದ ಮೇಲೆ ಸರಳ ಒಬ್ಬಳೇ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದಾಳೆ. ಅವಳು ಕೊಬ್ಬರಿ ಹಾಕುವ ಮಂಡಿಯಲ್ಲಿ ಶ್ರೀಧರ್ ಗುಮಾಸ್ತ. ತೂಕದಲ್ಲಿ ಅವಳಿಗೆ ಮೋಸ ಆಗುತ್ತಿದೆ ಎಂದು ಅವನೇ ಚೀಟಿ ಬರೆದು ಕೊಡುತ್ತಾನೆ. ಇಬ್ಬರೂ ಹತ್ತಿರವಾಗುತ್ತಾರೆ. ಆದರೆ ಮೋಸ ಮಾಡುತ್ತಿರುವ ದಲ್ಲಾಳಿ ಸರಳಳ ಸೋದರಮಾವ, ಅವಳನ್ನು ತನ್ನ ಮನೆಗೆ ಸೊಸೆಯಾಗಿ ತಂದುಕೊಳ್ಳಬೇಕು ಎಂದಿರುವವನು. ಬಾಯಿ ಬಿಟ್ಟರೆ ಶ್ರೀಧರನ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಸರಳಳ ತೋಟ ಹೋಗುತ್ತದೆ." ಇದರ ಮುಂದೆ ಇನ್ನೆರಡು ಪ್ಯಾರಾ, ಅದರಲ್ಲಿ ಕೊನೆ ಏನು ಅಂತ ಸ್ಪಷ್ಟವಾಗಿ ಬರೆದಿದೀವಿ.

ಅಲ್ಲೇ ಜಗಳ ಆಗಿದ್ದು. "ಕೊನೆ ಹೇಳಿಬಿಟ್ರೆ ಅವರು ಯಾಕೆ ಓದ್ತಾರೆ ಕಣೇ?" ಅಂತ ಚಿಕ್ಕಮ್ಮ. "ಚಿಕ್ಕಮ್ಮ, ಅವರು ಓದುಗರಲ್ಲ. ದುಡ್ಡು ಹಾಕೋರು. ಕೊನೆ ಕೆಟ್ಟಿದ್ಯಾ ಇಲ್ವಾ ಅಂತ ತಿಳೀದೆ ಯಾರು ದುಡ್ಡು ಹಾಕ್ತಾರೆ?" ಅಂತ ನಾನು. ಒಪ್ಪಿದ್ಲು, ಆದರೆ ಸಾರಾಂಶದ ಪುಟವನ್ನ ಬೇರೆ ಕವರಿಗೆ ಹಾಕಿ ಅಂಟಿಸಿ ಕೊಟ್ಲು, ಪರೀಕ್ಷೆ ಪೇಪರ್ ಥರ.

ಯಾರಿಗೆ ಕಳಿಸಬೇಕು ಅನ್ನೋದಕ್ಕೆ ನನ್ನ ಹತ್ತಿರ ಪಟ್ಟಿ ಇಲ್ಲ. ಒಂದು ದಾರಿ ಹೇಳ್ತೀನಿ. ಒಂದು ಶನಿವಾರ ಗಾಂಧಿನಗರ, ಬಸವನಗುಡಿ ಕಡೆಯ ಪುಸ್ತಕದಂಗಡಿಗೆ ಹೋಗಿ, ನಿಮ್ಮ ಥರದ ಕಾದಂಬರಿಗಳ ಮೊದಲ ಪುಟಗಳನ್ನ ತೆಗೆದು ನೋಡಿ. ಪ್ರಕಾಶಕರ ಹೆಸರು, ವಿಳಾಸ, ಫೋನ್, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಲ್ಲ ಅಲ್ಲೇ ಇರುತ್ತೆ. ಕಾದಂಬರಿಯನ್ನೇ ಹಾಕದೆ ಬರೀ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಮಾಡೋರಿಗೆ ಕಳಿಸಿ ಕಾಯೋದ್ರಲ್ಲಿ ಅರ್ಥ ಇಲ್ಲ. ಮೊದಲ ಪುಸ್ತಕ ಬರೀತಿರೋ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಅಂತ ಪ್ರೋತ್ಸಾಹಧನದ ಯೋಜನೆ ನಡೆಸುತ್ತೆ, ಅದರ ಪ್ರಕಟಣೆ ಗಮನಿಸ್ತಿರಿ. ವಯಸ್ಸಿನ ಮಿತಿ ಇದೆ, ಹಾಗಾಗಿ ಚಿಕ್ಕಮ್ಮನಿಗೆ ಅದು ಸಿಗ್ತಿರಲಿಲ್ಲ. ಕಳಿಸುವಾಗ ಮೂಲ ನೋಟ್‌ಬುಕ್ ಮಾತ್ರ ಯಾರಿಗೂ ಕೊಡಬೇಡಿ, ಎಷ್ಟೇ ದೊಡ್ಡವರಾಗಿರಲಿ.

ಒಂದು ವಿಷಯ ಬಹಳ ಜನ ಮರೀತಾರೆ. ಪ್ರೇಮ ಕಾದಂಬರಿ ಅಂದಮೇಲೆ ಹಾಡು ಇರುತ್ತೆ. ನಾಯಕ ರೇಡಿಯೋ ಹಾಕಿದ, ಆ ಹಾಡು ಬಂತು, ನಾಲ್ಕು ಸಾಲು ಹಾಗೇ ಬರೆದುಬಿಡ್ತೀವಿ. ಚಿಕ್ಕಮ್ಮ ಅಂತೂ ಪ್ರತಿ ಅಧ್ಯಾಯದ ನೆತ್ತಿ ಮೇಲೆ ಮೈಸೂರು ಮಲ್ಲಿಗೆಯ ಎರಡು ಸಾಲು ಕೂರಿಸಿದ್ಲು. ಆ ಪುಸ್ತಕ 1942ರದ್ದು, ಹಳೇದು, ಯಾರು ಕೇಳ್ತಾರೆ ಅನ್ನಿಸಬಹುದು. ಆದರೆ ನಮ್ಮ ಕಾನೂನಲ್ಲಿ ಲೆಕ್ಕ ಶುರುವಾಗೋದು ಪುಸ್ತಕ ಬಂದ ವರ್ಷದಿಂದಲ್ಲ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಕೆ.ಎಸ್. ನರಸಿಂಹಸ್ವಾಮಿ ಅವರು ತೀರಿಕೊಂಡದ್ದು 2003ರಲ್ಲಿ. ಅಂದ್ರೆ 2063ರ ಕೊನೆ ತನಕ ಹಕ್ಕು ಇರುತ್ತೆ. ಬೇಂದ್ರೆಯವರು 1981, ಹಾಗಾಗಿ 2041. ಸಿನಿಮಾ ಹಾಡಿನ ಸಾಹಿತ್ಯಕ್ಕೂ ಇದೇ ಲೆಕ್ಕ. ಅನುಮತಿ ಪತ್ರ ಬೇಕು, ಇಲ್ಲ ಅಂದ್ರೆ ಸಾಲು ತೆಗೆದು "ರೇಡಿಯೋದಲ್ಲಿ ಆ ಹಾಡು ಬಂತು" ಅಂತ ಹೆಸರು ಮಾತ್ರ ಹೇಳಿ. ಚಿಕ್ಕಮ್ಮ ಹದಿನೆಂಟು ಕಡೆಯಿಂದ ಸಾಲು ತೆಗೆದ್ಲು. ತೆಗೆದ ಮೇಲೆ ಅಧ್ಯಾಯಗಳು ಇನ್ನೂ ಬೇಗ ಶುರುವಾದ ಹಾಗನ್ನಿಸ್ತು ನನಗೆ, ಅವಳಿಗೆ ಹೇಳಲಿಲ್ಲ.

ಈಗ ಕಷ್ಟದ ಭಾಗ.

ಎರಡನೇ ಪ್ರಕಾಶಕರು ಓದಿದ್ರು, ಇಷ್ಟಪಟ್ರು. ಫೋನಲ್ಲಿ "ಅಮ್ಮಾ, ತುಂಬ ಚೆನ್ನಾಗಿ ಬರೆದಿದ್ದೀರಿ" ಅಂದ್ರು. ಚಿಕ್ಕಮ್ಮ ಅವತ್ತು ಅಕ್ಕಪಕ್ಕದ ಮನೆಗೆಲ್ಲ ಹೋಳಿಗೆ ಹಂಚಿದ್ಲು. ವಾರದ ಮೇಲೆ ಒಂದೂವರೆ ಪುಟದ ಕರಾರು ಬಂತು. ಒಂದೇ ಸಲಕ್ಕೆ 6,000 ರೂಪಾಯಿ, ಹತ್ತು ಪ್ರತಿ ಉಚಿತ, ಬದಲಿಗೆ "ಕೃತಿಯ ಸಮಸ್ತ ಹಕ್ಕುಗಳು ಶಾಶ್ವತವಾಗಿ ಪ್ರಕಾಶಕರಿಗೆ". ಪುಸ್ತಕ, ಇ-ಬುಕ್, ಆಡಿಯೋ, ಅನುವಾದ, ಸಿನಿಮಾ, ವೆಬ್ ಸೀರೀಸ್ ಎಲ್ಲ ಸೇರಿ.

ನಾನು ಕ್ಯಾಲ್ಕುಲೇಟರ್ ತೆಗೆದೆ. ಪುಸ್ತಕದ ಬೆಲೆ 220 ಅಂತಿಟ್ಕೊಳ್ಳಿ, ಮುದ್ರಿತ ಬೆಲೆಯ ಮೇಲೆ ಶೇಕಡ 10 ಗೌರವಧನ, ಅಂದ್ರೆ ಪ್ರತಿಗೆ 22 ರೂಪಾಯಿ. ಸಾವಿರ ಪ್ರತಿ ಮಾರಾಟ ಆದ್ರೆ 22,000. ಕರಾರಿನಲ್ಲಿ "ಮಾರಾಟದಿಂದ ಬಂದ ನಿವ್ವಳ ಹಣದ ಮೇಲೆ ಶೇಕಡ 10" ಅಂತಿದ್ರೆ ಅದು ಬೇರೆ. ಅಂಗಡಿಗೆ ಶೇಕಡ 40 ರಿಯಾಯಿತಿ ಹೋದ್ರೆ ಉಳಿಯೋದು 132, ನಿಮ್ಮದು 13 ರೂಪಾಯಿ 20 ಪೈಸೆ. ಒಂದೇ "ಶೇಕಡ 10", ಎರಡು ಮೊತ್ತ. ಯಾವುದರ ಮೇಲೆ ಅಂತ ಕೇಳಲೇಬೇಕು. ಮಾರಾಟವೇ ಆಗದಿದ್ರೆ? ಆಗ 6,000ವೇ ಲಾಭ, ನಿಜ. ಒಂದೇ ಸಲಕ್ಕೆ ದುಡ್ಡು ತಗೊಳ್ಳೋದು ತಪ್ಪು ಅಂತ ನಾನು ಹೇಳಲ್ಲ. ನನ್ನ ತಕರಾರು ಇದ್ದದ್ದು ದುಡ್ಡಿನ ಬಗ್ಗೆ ಅಲ್ಲ, "ಸಮಸ್ತ", "ಶಾಶ್ವತ" ಅನ್ನೋ ಎರಡು ಪದಗಳ ಬಗ್ಗೆ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿ, ನೆಟ್‌ನಲ್ಲಿ ಸಿಗುತ್ತೆ. ಹಕ್ಕು ಬರೆದುಕೊಡೋದು ಲಿಖಿತವಾಗಿ, ಸಹಿ ಹಾಕಿಯೇ ಆಗಬೇಕು, ಬಾಯಿಮಾತಲ್ಲಿ ಆಗಲ್ಲ. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣ ಅಂತ ಬರೆದಿರಬೇಕು. ಕಾಲ ಬರೆದಿಲ್ಲ ಅಂದ್ರೆ ಐದು ವರ್ಷ ಅಂತಲೂ, ಪ್ರದೇಶ ಬರೆದಿಲ್ಲ ಅಂದ್ರೆ ಭಾರತ ಮಾತ್ರ ಅಂತಲೂ ಕಾನೂನೇ ತಿಳ್ಕೊಳ್ಳುತ್ತೆ. ಕರಾರಿನಲ್ಲಿ ಬೇರೆ ಥರ ಹೇಳದಿದ್ರೆ, ಒಂದು ವರ್ಷದೊಳಗೆ ಅವರು ಬಳಸದ ಹಕ್ಕು ವಾಪಸ್ ಬರುತ್ತೆ. ಆದರೆ ಇದೆಲ್ಲ ಕರಾರು ಸುಮ್ಮನಿದ್ದಾಗ. "ಶಾಶ್ವತ" ಅಂತ ಬರೆದು ನೀವು ಸಹಿ ಹಾಕಿದ್ರೆ ಐದು ವರ್ಷದ ಮಾತು ಹಿಡಿಯೋಕಾಗಲ್ಲ. ಅಂದಹಾಗೆ ಕೃತಿಸ್ವಾಮ್ಯ ಸಿಗೋಕೆ ನೋಂದಣಿ ಕಡ್ಡಾಯ ಅಲ್ಲ, ಬರೆದ ತಕ್ಷಣ ಅದು ನಿಮ್ಮದು. ಐಎಸ್‌ಬಿಎನ್ ಬೇರೆ, ಅದು ಪುಸ್ತಕದ ಗುರುತಿನ ಸಂಖ್ಯೆ ಅಷ್ಟೇ. ಭಾರತದಲ್ಲಿ ಉಚಿತ. "ಐಎಸ್‌ಬಿಎನ್ ಶುಲ್ಕ" ಅಂತ ಯಾರಾದ್ರೂ ಬಿಲ್ಲಲ್ಲಿ ಸೇರಿಸಿದ್ರೆ ಯಾವ ಶುಲ್ಕ ಅಂತ ಕೇಳಿ.

ಚಿಕ್ಕಮ್ಮನ ಪರವಾಗಿ ನಾನು ಬರೆದೆ: ಪುಸ್ತಕ ರೂಪದ ಹಕ್ಕು, ಕನ್ನಡದಲ್ಲಿ, ಐದು ವರ್ಷಕ್ಕೆ ಕೊಡ್ತೀವಿ. 6,000ಕ್ಕೂ ಒಪ್ಪಿಗೆ. ಸಿನಿಮಾ, ಆಡಿಯೋ, ಅನುವಾದ ಬೇಡ. ಅವರು ಹತ್ತು ದಿನ ಬಿಟ್ಟು, "ಹೊಸಬರಿಗೆ ಹೀಗೆಲ್ಲ ಆಗಲ್ಲ, ಈ ವರ್ಷದ ಪಟ್ಟಿ ಮುಗೀತು" ಅಂದ್ರು.

ಅವರ ಕಡೆಯೂ ಒಂದು ನ್ಯಾಯ ಇದೆ. ಕಾಗದ, ಪ್ರೆಸ್ಸು, ಗೋಡೌನ್, ಗ್ರಂಥಾಲಯದ ಸಗಟು ಖರೀದಿ ಹಣಕ್ಕೆ ಕಾಯೋದು, ಎಲ್ಲ ಅವರ ತಲೆ ಮೇಲೆ. ಹೊಸ ಲೇಖಕಿ, ಯಾರಿಗೂ ಹೆಸರು ಗೊತ್ತಿಲ್ಲ. ಆದರೂ ಸಿನಿಮಾ ಹಕ್ಕು ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಹೋಳಿಗೆ ತಿಂದವರು "ಪುಸ್ತಕ ಯಾವಾಗ?" ಅಂತ ಚಿಕ್ಕಮ್ಮನನ್ನ ಕೇಳ್ತಾನೇ ಇದ್ರು. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ಕಷ್ಟ. ಒಂದು ಸಲ ಮಾತ್ರ, "ನಂಗೆ ಅದು ಕೈಯಲ್ಲಿ ಹಿಡೀಬೇಕಿತ್ತು ಕಣೇ, ಸಿನಿಮಾ ಯಾರು ಮಾಡ್ತಿದ್ರು" ಅಂದ್ಲು. ನಾನು ಕೇಳಬೇಕಿತ್ತು. ಕರಾರು ಅವಳದ್ದು, ಸಹಿ ಅವಳದ್ದು, ಉತ್ತರ ಬರೆದದ್ದು ನಾನು. ನಿಮ್ಮ ಅಮ್ಮನದ್ದೋ ಅತ್ತೆಯದ್ದೋ ಹಸ್ತಪ್ರತಿ ನೀವು ನೋಡ್ಕೋತಿದ್ರೆ, ಲೆಕ್ಕ ಹಾಕಿ ತೋರಿಸಿ, ಆಮೇಲೆ ಏನು ಬೇಕು ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೀರಿ.

ಮೂರನೇ ಪ್ರಕಾಶಕರಿಗೆ ಹೋದ ತಿಂಗಳು ಕಳಿಸಿದ್ವಿ. ಈ ಸಲ ಪತ್ರ ಅವಳೇ ಬರೆದ್ಲು, ಹತ್ತು ಸಾಲು, ಯಾವ ಹಕ್ಕು ಕೊಡ್ತೀನಿ ಅಂತ ಮೊದಲೇ ಹೇಳೋಕೆ ಹೋಗಲಿಲ್ಲ, "ಕರಾರಿನ ಬಗ್ಗೆ ಮಾತಾಡೋಣ" ಅಂತಷ್ಟೇ. ಪ್ರಿಂಟ್ ಕೇಳಿದ್ರು, ಹಾಗಾಗಿ 1.5 ಅಂತರದಲ್ಲಿ, ಒಂದೇ ಬದಿಗೆ, ಪುಟ ಸಂಖ್ಯೆ ಹಾಕಿ, ಸ್ಪೈರಲ್ ಬೈಂಡ್ ಮಾಡಿಸಿ ಪೋಸ್ಟಲ್ಲಿ ಹೋಯ್ತು. ತಲುಪಿದೆ ಅಂತ ಮೆಸೇಜ್ ಬಂತು, ಎರಡು ತಿಂಗಳು ಟೈಮ್ ಕೇಳಿದ್ದಾರೆ. ನಿನ್ನೆ ಭಾನುವಾರ ಚಿಕ್ಕಮ್ಮ ಫೋನ್ ಮಾಡಿದ್ಲು. "ಏನಂದ್ರು" ಅಂತ ಕೇಳಲಿಲ್ಲ. "ಆ ಆಷಾಢದ ಮದುವೆ ಶ್ರಾವಣಕ್ಕೆ ಹಾಕಿದ್ವಲ್ಲ, ಹನ್ನೊಂದನೇ ಅಧ್ಯಾಯದಲ್ಲೂ ಬದಲಾಯಿಸಿದ್ದೀಯಾ?" ಅಂದ್ಲು.

ಬದಲಾಯಿಸಿರಲಿಲ್ಲ.